ಹೊಸ್ತಿಲ ಮರದ ಕೋವಿ

"ಆ ಮರಕ್ಕೆ ಗರಗಸ ಹಾಕ್ಬ್ಯಾಡ ಕಣಪ್ಪ," ಎಂದಳು ದೇವಿರಮ್ಮ.

ಜವರಪ್ಪ ಆಗಷ್ಟೇ ಅದನ್ನು ಹೆಗಲಿನಿಂದ ಜಗಲಿಗೆ ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಕಪ್ಪಿಟ್ಟ ಹಲಸಿನ ಮರದ ತುಂಡು, ಗಂಡಸಿನ ತೊಡೆಯಷ್ಟು ದಪ್ಪ. ಅದರ ಒಂದು ಮೈಗೆ ವರ್ಷಾನುಗಟ್ಟಲೆ ಬಳಿದ ಅರಿಸಿನ ಪದರಗಟ್ಟಿ, ಗಾಯದ ಹಕ್ಕಳೆಯ ಹಾಗೆ ಎದ್ದು ನಿಂತಿತ್ತು. ಬಿಸಿಲು ತಾಗಿದ ಕೂಡಲೇ ಅದರಿಂದ ಹಳೇ ಎಣ್ಣೆಯ ಕಮಟು ವಾಸನೆ ಬರತೊಡಗಿತು.

ದೇವಿರಮ್ಮ ಪಕ್ಕದ ಮನೆಯ ಮುದುಕಿ. ಸಂಜೆ ಮಾರ್ಕೆಟ್ಟಿನ ಬಾಗಿಲಲ್ಲಿ ಮಾರುವ ಮಲ್ಲಿಗೆಯನ್ನು ಮಧ್ಯಾಹ್ನವೆಲ್ಲ ತನ್ನ ಜಗಲಿಯಲ್ಲಿ ಕೂತು ಕಟ್ಟುವವಳು. ಮಾತು ಕಡಿಮೆ. ಆಡಿದರೆ ಇಂಥದ್ದೇ ಏನಾದರೊಂದು ಆಡುವವಳು ಎಂದು ಜವರಪ್ಪನಿಗೆ ಸಣ್ಣ ಸಿಟ್ಟೂ ಇತ್ತು.

"ಯಾಕಜ್ಜಿ, ಕಚ್ತದಾ?"

"ಅದು ಹೊಸಿಲು ಕಣಪ್ಪ. ದಿನಾ ಪೂಜೆ ಕಂಡ ಮರ. ಕಿತ್ ಮ್ಯಾಲೆ ಹೊಳೆಗೆ ಬುಡ್ಬೇಕು. ಇನ್ನೊಂದು ಮನೆ ಒಳೀಕೆ ತಕ್ಕಂಡೋಗ್ಬಾರ್ದು."

"ಹೊಳೆಗೆ ಬುಟ್ರೆ ಮೀನುಗಳು ಆಟ ಆಡ್ತವಾ? ನನ್ ಮಗಳು ಆಡ್ಕೊಳ್ಲಿ ಬುಡು. ಇದ್ರಲ್ಲಿ ಅವ್ಳಿಗೊಂದು ರೈಫಲ್ ಮಾಡ್ತೀನಿ."

ಮುದುಕಿಯ ಬೆರಳುಗಳು ನಿಂತವು. "ಯಾರ ಮನೇದು?"

"ನಮ್ಮಕ್ಕನ ಮನೇದು."

"ಅವ್ಳು ತಾನಾಗೇ ಕೊಟ್ಲಾ, ನೀನು ಬಾಯ್ಬುಟ್ಟು ಕೇಳಿದ್ಯಾ?"

"ನಾನೇ ಕೇಳ್ದೆ. ಅದ್ಕೂ ಒಂದು ಶಾಸ್ತ್ರ ಅದಾ?"

ದೇವಿರಮ್ಮ ಕಟ್ಟಿದ್ದ ಹೂವನ್ನೂ ಕಟ್ಟದೆ ಉಳಿದದ್ದನ್ನೂ ಒಂದೇ ಬುಟ್ಟಿಗೆ ತುಂಬಿಕೊಂಡು ಎದ್ದಳು. ಹಾಡಹಗಲಲ್ಲಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜವರಪ್ಪ ಗಟ್ಟಿಯಾಗಿ ನಕ್ಕ. ಮುದುಕಿಗೆ ಕೇಳಲಿ ಎಂದೇ ನಕ್ಕ.

ನಗದೆ ಏನು ಮಾಡಿಯಾನು! ಚೀನಾ ಯುದ್ಧದಲ್ಲಿ ಹಿಮಕ್ಕೆ ಕಾಲಿನ ಬೆರಳುಗಳನ್ನು ಒಪ್ಪಿಸಿ ಪಟಾಲಂ ಬಿಟ್ಟು ಬಂದವನು ಅವನು. ಬೆಟ್ಟದ ಮೇಲೆ ಸತ್ತವರ ಪಕ್ಕದಲ್ಲಿ, ಅವರದೇ ಕಂಬಳಿ ಹೊದ್ದು ಮಲಗಿ ಬದುಕಿದವನು. "ಒಬ್ಬನಾದ್ರೂ ಎದ್ದು ಕೂತ್ಕೊಂಡು ಕಂಬಳಿ ವಾಪಸ್ ಕೊಡು ಅನ್ಲಿಲ್ಲ," ಎಂದು ಕಾಫಿ ಹೋಟೆಲಿನಲ್ಲಿ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ. ದೆವ್ವ, ಮಾಟ, ಕೊಳ್ಳೇಗಾಲದ ಮಂತ್ರವಾದಿ ಎಂದು ಯಾರಾದರೂ ಶುರುಮಾಡಿದರೆ, ಅವರ ಎದುರೇ ಬೀಡಿ ಹಚ್ಚಿ ಹೊಗೆ ಬಿಡುತ್ತಿದ್ದ. ಮೈಸೂರಿಗೆ ಬಂದು ಇನ್ನೂ ಒಂದು ಮಳೆಗಾಲವನ್ನೂ ನೋಡಿರಲಿಲ್ಲ, ಆಗಲೇ ದೇವರಾಜ ಮೊಹಲ್ಲಾದ ಆ ಓಣಿಗೆಲ್ಲ ಅವನ ಬಾಯಿ ಗೊತ್ತಾಗಿತ್ತು.

ದೇವರನ್ನೂ ಅಷ್ಟಾಗಿ ಹಚ್ಚಿಕೊಳ್ಳದ ಜವರಪ್ಪ ಕಣ್ಣುಮುಚ್ಚಿ ನಂಬಿದ್ದು ಒಬ್ಬರನ್ನು ಮಾತ್ರ, ಅಕ್ಕ ಪುಟ್ಟತಾಯಮ್ಮನನ್ನು. ಅವ್ವ ತೀರಿಕೊಂಡಾಗ ಅವನಿನ್ನೂ ತೊಟ್ಟಿಲ ಕೂಸು. ಅಕ್ಕನೇ ಎತ್ತಿ ಆಡಿಸಿದಳು, ಮುದ್ದೆ ನುಂಗಲು ಕಲಿಸಿದಳು. ತಮ್ಮನಿಗೆ ಬುದ್ಧಿ ತಿಳಿಯುವವರೆಗೂ ಮದುವೆ ಬೇಡವೆಂದು ಹಟ ಹಿಡಿದು ಅಪ್ಪನ ಕೈಯಲ್ಲಿ ಬೈಸಿಕೊಂಡಳು. ಕುಂಟುತ್ತ ಪಟಾಲಂನಿಂದ ಬಂದ ತಮ್ಮನಿಗೆ "ಹಳ್ಳಿಗೋಗಿ ಏನ್ ಮಾಡೀಯ, ನನ್ ಕಣ್ಮುಂದೆ ಇರು ಬಾ," ಎಂದು ಮೈಸೂರಿಗೆ ಕರೆಸಿಕೊಂಡವಳೂ ಅವಳೇ. ತನ್ನ ಮನೆಯ ಹಿಂದಿನ ಓಣಿಯಲ್ಲೇ ಬಾಡಿಗೆ ಮನೆ ಹುಡುಕಿಕೊಟ್ಟಳು. ನೂಲಿನ ಮಿಲ್ಲೊಂದರಲ್ಲಿ ಹಗಲು ಕಾವಲಿನ ಕೆಲಸವನ್ನೂ ಯಾರ ಯಾರ ಕಾಲೋ ಹಿಡಿದು ಕೊಡಿಸಿದಳು.

ಪಾಪ, ಅವಳ ಬದುಕೂ ನೆಟ್ಟಗಿರಲಿಲ್ಲ. ಗಂಡ ನಿಂಗಯ್ಯ ಮಾರ್ಕೆಟ್ಟಿನಲ್ಲಿ ಬಾಳೆ ಎಲೆ ಮಾರುವವನು, ಒಳ್ಳೆಯವನೇ. ಆದರೆ ಹುಟ್ಟಿದ ಮೊದಲೆರಡು ಕೂಸುಗಳು ತೆವಳುವ ವಯಸ್ಸು ದಾಟಲಿಲ್ಲ. ಉಳಿದದ್ದು ನಂಜುಂಡ. ಅವನೂ ಬೇಸಿಗೆಯಿಂದ ಹಾಸಿಗೆ ಹಿಡಿದು, ಕಣ್ಣು ಗುಳಿಬಿದ್ದು, ಎಷ್ಟು ಕುಡಿದರೂ ನೀರು ನೀರು ಎನ್ನುತ್ತ ಒಣಗುತ್ತಿದ್ದ. ಡಾಕ್ಟರಿಗೆ ಕಾಯಿಲೆಯೇ ಸಿಗುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆಯೂ ಅವಳು ಜವರಪ್ಪನ ಮಗಳು ಚೆನ್ನಿಯನ್ನು ಕರೆದುಕೊಂಡು ಹೋಗಿ ಕಾಲೇಜು ಮೈದಾನದಲ್ಲಿ ಎನ್‌ಸಿಸಿ ಹುಡುಗರ ಪರೇಡು ತೋರಿಸಿದ್ದಳು. ಚೆನ್ನಿ ಮನೆಗೆ ಬಂದದ್ದೇ ಎಡ-ಬಲ ಎಡ-ಬಲ ಎನ್ನುತ್ತ. ತನಗೂ ಕೋವಿ ಬೇಕು. ಮರದ್ದಾದರೂ ಸರಿ. "ಅತ್ತೆ ಹೇಳುದ್ರು, ನಿಮ್ಮಪ್ಪನ್ನ ಕೇಳು, ಮಾಡ್ಕೊಡ್ತಾನೆ ಅಂತ," ಎಂದು ಅಪ್ಪನ ಕೊರಳಿಗೆ ಜೋತುಬಿದ್ದಳು. ಮಾರ್ಕೆಟ್ಟಿನ ಹಣ್ಣಿನ ಪೆಟ್ಟಿಗೆಗಳ ಹಲಗೆಯೆಲ್ಲ ಉಳಿ ತಾಗಿದರೆ ಸೀಳುತ್ತಿತ್ತು. ಮರ ಹುಡುಕುತ್ತ ಅಕ್ಕನ ಮನೆಗೆ ಹೋದಾಗ ಹಿತ್ತಲ ಬಾಗಿಲಿಗೆ ಎದುರಾಗಿಯೇ ಆ ತುಂಡು ಗೋಡೆಗೆ ಒರಗಿ ನಿಂತಿತ್ತು. ಗೆದ್ದಲು ಹಿಡಿಯಿತೆಂದು ಹೊಸ್ತಿಲು ಬದಲಿಸಿದ್ದಂತೆ. ಗೆದ್ದಲಿನ ಒಂದು ತೂತೂ ಕಾಣಲಿಲ್ಲ. ಒಳ್ಳೇ ಉಕ್ಕಿನಂಥ ಮರ.

"ಅಕ್ಕ, ಇದನ್ನ ನಂಗೆ ಕೊಡಕ್ಕ," ಎಂದಿದ್ದ.

ಖಾರ ರುಬ್ಬುತ್ತಿದ್ದ ಪುಟ್ಟತಾಯಮ್ಮನ ಕೈ ನಿಂತಿತು. "ಏನಂದೆ?"

"ಈ ಮರ ನಂಗೆ ಕೊಡು ಅಂದೆ."

"ತಕ್ಕಂಡೋಗು," ಎಂದಳು. ಮುಖ ಅತ್ತ ತಿರುಗಿಸಿದಳು. ಅವನು ಒಬ್ಬನೇ ಒದ್ದಾಡಿ ಹೆಗಲಿಗೇರಿಸಿಕೊಳ್ಳುವಾಗ ಒಂದು ಕೈ ಹಾಕಲೂ ಬರಲಿಲ್ಲ. ಖಾರದ ಕೈ ಇರಬೇಕು ಎಂದುಕೊಂಡ ಜವರಪ್ಪ.

ಅವತ್ತೇ ಕೆಲಸ ಶುರುವಾಯಿತು. ಗರಗಸ ಮರದೊಳಗೆ ಇಳಿದಂತೆ ಹಲಸಿನ ಮರದ ಹಳದಿ ಹೊಟ್ಟು ಉದುರಬೇಕಿತ್ತು. ಉದುರಿದ್ದು ಕೆಂಪಗಿತ್ತು, ಒದ್ದೆಯಾಗಿತ್ತು, ಗರಗಸದ ಹಲ್ಲಿಗೆ ಅಂಟುತ್ತಿತ್ತು. ಸುಟ್ಟ ಕೂದಲಿನ ವಾಸನೆ. ಅದರ ಹಿಂದೆಯೇ ಹಸಿ ಅರಿಸಿನದ ವಾಸನೆ, ಬಾಣಂತಿ ಕೋಣೆಯದು. ಹೆಂಡತಿ ಚಾಮುಂಡಮ್ಮ ಒಳಗಿನಿಂದ "ಏನ್ರೀ ಅದು ನಾತ?" ಎಂದು ಸೆರಗು ಮೂಗಿಗೆ ಹಿಡಿದು ಬಂದಳು. ಅವಳಿಗೆ ಆಗ ತಿಂಗಳು ನಿಂತಿರಲಿಲ್ಲ. ಆದರೂ ಬಸುರಿಯ ಹಾಗೆ ಹಿತ್ತಲಿಗೆ ಓಡಿದಳು.

ಇನ್ನಷ್ಟು ಕೊಯ್ದಾಗ ಗರಗಸ ಕಿರ್ರೆಂದಿತು. ಒಳಗೆ ಕಬ್ಬಿಣದ ಮೊಳೆಗಳು. ಮೊಳೆಗಳ ನಡುವೆ ಹೆಬ್ಬೆರಳು ಹಿಡಿಸುವಷ್ಟು ಗುಂಡಿ, ಮೇಣ ಮೆತ್ತಿ ಮುಚ್ಚಿದ್ದು. ಉಳಿಯ ತುದಿಯಿಂದ ಮೇಣ ಎಬ್ಬಿಸಿದ. ಒಳಗಿದ್ದದ್ದು ಕೂಸಿನ ಕೂದಲು, ಎಳೆಯದು, ರೇಷ್ಮೆಯಂಥದ್ದು, ಕಪ್ಪು ದಾರದಲ್ಲಿ ಸುತ್ತಿದ್ದು. ಅದರ ಜೊತೆಗೊಂದು ಹಾಲುಹಲ್ಲು.

ಒಂದು ಗಳಿಗೆ ಜವರಪ್ಪನಿಗೆ ಯಾಕೋ ಸುತ್ತಲಿನ ಸದ್ದೆಲ್ಲ ನಿಂತುಹೋದ ಹಾಗೆ ಆಯಿತು. ಆಮೇಲೆ ಮೂಗು ಮುರಿದ. "ಯಾವನೋ ತಿರುಕ ಮಂತ್ರವಾದಿಗೆ ಅಕ್ಕಿ-ಬೇಳೆ ಸಿಕ್ಕಿರ್ಬೇಕು ಇದ್ರಿಂದ," ಎಂದು ಅಷ್ಟನ್ನೂ ಚರಂಡಿಗೆ ಎಸೆದು ಕೈ ತೊಳೆದ.

ಕೋವಿ ಮಾತ್ರ ಚೆನ್ನಾಗಿ ಬಂತು, ಅದನ್ನು ಒಪ್ಪಬೇಕು. ತಾನು ವರ್ಷಗಟ್ಟಲೆ ಹೆಗಲಿಗೆ ಹಾಕಿಕೊಂಡಿದ್ದ ರೈಫಲ್ಲಿನ ಅಳತೆಯನ್ನೇ ಕಣ್ಣಲ್ಲಿ ಕುಗ್ಗಿಸಿಕೊಂಡು, ಹಿಡಿಯನ್ನು ಮಗುವಿನ ಭುಜಕ್ಕೆ ಕೂರುವ ಹಾಗೆ ಬಾಚಿಯಲ್ಲಿ ಕೆತ್ತಿದ. ಹಳೇ ಕಿಟಕಿಯ ಚಿಲಕವೊಂದನ್ನು ಕೂರಿಸಿದ್ದಕ್ಕೆ ಎಳೆದರೆ ಖಟಕ್ ಎನ್ನುತ್ತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಕಡಲೆಕಾಯಿ ಎಣ್ಣೆ ಹಚ್ಚಿದ. ಎಷ್ಟು ಹಚ್ಚಿದರೂ ಮರ ಕುಡಿಯುತ್ತಿತ್ತು. ತನ್ನ ಪಟಾಲಂ ಬೆಲ್ಟನ್ನೇ ಕತ್ತರಿಸಿ ಹೆಗಲಪಟ್ಟಿ ಮಾಡಿದ. ಚೆನ್ನಿ ಕೋವಿ ಎತ್ತಿ ಸಲ್ಯೂಟು ಹೊಡೆದಾಗ ಅವನೂ ನೆಟ್ಟಗೆ ನಿಂತು ಸಲ್ಯೂಟು ಹೊಡೆದ. ಕಾಲಿನ ಬೆರಳು ಕಳೆದುಕೊಂಡ ಮೇಲೆ ಅವನು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಕಾವಲಿನವನ ಕೂಗನ್ನೂ ಕಲಿಸಿದ. ಬಾಗಿಲ ಬಳಿ ನಿಲ್ಲಬೇಕು. ಯಾರಾದರೂ ಬಂದರೆ ಕೋವಿ ಚಾಚಿ, ಯಾರದು ಎಂದು ಕೇಳುವ ಪಟಾಲಂ ಮಾತಿನಲ್ಲಿ "ಹುಕುಂದಾರ್!" ಎನ್ನಬೇಕು. ಬಂದವರು "ದೋಸ್ತ್" ಎಂದರೆ "ಪಾಸ್" ಎಂದು ಒಳಗೆ ಬಿಡಬೇಕು. ಸುಮ್ಮನಿದ್ದರೆ ಗುಂಡು. ಓಣಿಯವರಿಗೆಲ್ಲ ಅದೊಂದು ತಮಾಷೆಯಾಯಿತು. ಸೌದೆಯವನೂ ಹಾಲಿನವನೂ ದೋಸ್ತ್ ಎನ್ನದೆ ಒಳಗೆ ಕಾಲಿಡುವಂತಿರಲಿಲ್ಲ. ದೇವಿರಮ್ಮ ಮಾತ್ರ ಆ ಕಡೆ ತಲೆ ಹಾಕಲಿಲ್ಲ.

ಮಳೆ ಮೋಡ ಕವಿದು ಹೊತ್ತಿಗೆ ಮುಂಚೆಯೇ ಕತ್ತಲಾದ ಒಂದು ಸಂಜೆ. ಕರೆಂಟು ಹೋಗಿತ್ತು. ಜವರಪ್ಪ ಮಿಲ್ಲಿನಿಂದ ಬಂದು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದ. ಚಾಮುಂಡಮ್ಮ ದೀಪಕ್ಕೆ ಬತ್ತಿ ಹುಡುಕುತ್ತಿದ್ದಳು. ಬೀದಿಬಾಗಿಲಿಂದ ಚೆನ್ನಿಯ ಕೂಗು ಕೇಳಿತು.

"ಹುಕುಂದಾರ್!"

ಚಿಲಕ ಖಟಕ್ ಎಂದಿತು. ಆಮೇಲೆ ಸದ್ದಿಲ್ಲ. ಯಾರೂ ದೋಸ್ತ್ ಎಂದದ್ದು ಕೇಳಲಿಲ್ಲ. ಆದರೆ ಚೆನ್ನಿ ಯಾರದೋ ಮಾತು ಆಲಿಸುವವಳ ಹಾಗೆ "ಊಂ... ಊಂ..." ಎನ್ನುತ್ತಿದ್ದಳು. ಕೊನೆಗೆ ಮೆಲ್ಲಗೆ ಹೇಳಿದಳು.

"ಪಾಸ್."

ಜವರಪ್ಪ ಒದ್ದೆ ಕಾಲಿನಲ್ಲೇ ನಡುಮನೆಗೆ ಬಂದ. ಒಂದು ವಾಸನೆ ಬಾಗಿಲಿಂದ ಒಳಗೆ ಬಂತು. ನಡುಮನೆ ದಾಟಿತು. ಜವರಪ್ಪನ ಮೊಣಕಾಲಿನ ಎತ್ತರದಲ್ಲಿ, ಅವನ ಪಕ್ಕದಲ್ಲೇ ಹಾದುಹೋಯಿತು. ಸುಟ್ಟ ಕೂದಲು. ಹಸಿ ಅರಿಸಿನ. ಕತ್ತಲ ಕೋಣೆಯಲ್ಲಿ ಚಾಪೆ ಸರಿದ ಸದ್ದಾಯಿತು.

"ಯಾರವ್ವ ಬಂದದ್ದು?" ಎಂದ. ಅವನ ದನಿ ಅವನಿಗೇ ಹೊಸದಾಗಿತ್ತು.

"ಪಾಪು."

"ಯಾವ ಪಾಪು?"

"ಗೊತ್ತಿಲ್ಲಪ್ಪ. ದೋಸ್ತ್ ಅಂತು. ಅತ್ತೆ ಕಳ್ಸುದ್ರು ಅಂತು. ಅದ್ಕೆ ನಡ್ಯಕ್ಕೆ ಬರಲ್ಲ ಕಣಪ್ಪ, ತೆವಳ್ಕಂಡ್ ಬಂತು."

ದೀಪ ಹಚ್ಚಿ ಕೋಣೆಯೆಲ್ಲ ಹುಡುಕಿದರು. ಯಾರೂ ಇರಲಿಲ್ಲ. ಮಕ್ಕಳ ಆಟ, ಏನೋ ಕಟ್ಟಿಕೊಂಡು ಹೇಳುತ್ತವೆ ಎಂದು ಜವರಪ್ಪ ಹೆಂಡತಿಗೆ ಹೇಳಿದ. ನೆಲದ ಸಾರಣೆಯ ಮೇಲೆ ಎರಡು ಪುಟ್ಟ ಅಂಗೈಗಳ ಗುರುತು ಕಂಡದ್ದನ್ನು ಹೇಳಲಿಲ್ಲ. ಕಾಲಿನಿಂದ ಉಜ್ಜಿ ಅಳಿಸಿಬಿಟ್ಟ.

ಮಾರನೆಯ ಬೆಳಿಗ್ಗೆ ಚೆನ್ನಿ ಏಳಲಿಲ್ಲ.

ಜ್ವರ ಎಂದರೆ ಜ್ವರವೂ ಅಲ್ಲ. ಮೈ ತಣ್ಣಗೆ, ತುಟಿ ಒಡೆದು, ನೀರು ನೀರು ಎನ್ನುತ್ತಿದ್ದಳು. ಚೆಂಬು ಚೆಂಬು ಕುಡಿದರೂ ನಾಲಿಗೆ ಮರಳಿನ ಹಾಗೆ ಒಣಗಿರುತ್ತಿತ್ತು. ಕೋವಿಯನ್ನು ಅಪ್ಪಿಕೊಂಡೇ ಮಲಗುತ್ತಿದ್ದಳು. ಬೆರಳು ಬಿಡಿಸಲು ಹೋದರೆ ಚೀರುತ್ತಿದ್ದಳು. ಡಾಕ್ಟರು ಬಂದರು, ಸೂಜಿ ಚುಚ್ಚಿದರು, ಔಷಧಿ ಬರೆದರು. ದಿನದಿಂದ ದಿನಕ್ಕೆ ಮಗುವಿನ ಕಣ್ಣು ಗುಳಿಬಿದ್ದವು. ಆ ಕಣ್ಣನ್ನು ತಾನು ಎಲ್ಲೋ ನೋಡಿದ್ದೇನೆ ಎಂದು ಜವರಪ್ಪನಿಗೆ ಅನಿಸುತ್ತಿತ್ತು. ಎಲ್ಲಿ ಎಂದು ಯೋಚಿಸಲು ಅವನಿಗೆ ಇಷ್ಟವಿರಲಿಲ್ಲ.

ಚಾಮುಂಡಮ್ಮನಿಗೆ ತಿಂಗಳು ನಿಂತದ್ದು ಗೊತ್ತಾದದ್ದು ಅದೇ ದಿನಗಳಲ್ಲಿ. ಸಂತೋಷ ಪಡುವ ಹೊತ್ತೇ ಅದಲ್ಲ. ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತ, ನಾಚಿಕೆಯಿಂದಲೇ ಗಂಡನಿಗೆ ಹೇಳಿದಳು. "ಅತ್ತಿಗೆಗೊಬ್ರಿಗೆ ಹೇಳಿವ್ನಿ. ಇನ್ಯಾರ್ಗೂ ಹೇಳ್ಬ್ಯಾಡಿ."

ಒಂದು ಮಧ್ಯಾಹ್ನ ಚೆನ್ನಿಗೆ ಮಂಪರು ಹತ್ತಿದಾಗ ಜವರಪ್ಪ ಕೋವಿಯನ್ನು ಕಿತ್ತುಕೊಂಡು ಒಲೆಗೆ ತುರುಕಿದ. ನಂಬಿಕೆಯಿಂದಲ್ಲ, ಸಿಟ್ಟಿನಿಂದ. ಬೆಂಕಿ ಅದನ್ನು ನೆಕ್ಕಿತು, ಹಿಡಿಯಲಿಲ್ಲ. ದಟ್ಟ ಹಳದಿ ಹೊಗೆ ಎದ್ದಿತು. ಕೋಣೆಯಿಂದ ಚಾಮುಂಡಮ್ಮ ಕಿರುಚಿದಳು. ಓಡಿಹೋಗಿ ನೋಡಿದರೆ ಮಗುವಿನ ಬಾಯಿಯಿಂದ ಹೊಗೆ ಬರುತ್ತಿತ್ತು. ಅಂಗೈಗಳಲ್ಲಿ ಬೊಬ್ಬೆ ಎದ್ದಿದ್ದವು. ಬರಿಗೈಯಲ್ಲೇ ಒಲೆಯಿಂದ ಕೋವಿ ಎಳೆದು ತಂದು ಮಗಳ ಪಕ್ಕದಲ್ಲಿಟ್ಟ. ಚೆನ್ನಿ ಕಣ್ಣುಬಿಡದೆ ಅದನ್ನು ಎದೆಗೆ ಎಳೆದುಕೊಂಡಳು.

ಜವರಪ್ಪ ದೇವಿರಮ್ಮನ ಬಾಗಿಲು ಬಡಿದ. ಅವಳು ಒಂದು ಕಣ್ಣು ಕಾಣುವಷ್ಟೇ ತೆರೆದಳು.

"ಅಜ್ಜಿ, ಏನಾದ್ರೂ ಮಾಡು."

"ನಾನೇನ್ ಮಾಡ್ಲಪ್ಪ. ನಿಮ್ಮಕ್ಕನ ಮಗ ಎದ್ದು ಓಡಾಡ್ತಾವ್ನೆ. ಓಗಿ ಅದನ್ ನೋಡು," ಎಂದು ಬಾಗಿಲು ಹಾಕಿಕೊಂಡಳು.

ಓಣಿ ತಿರುಗುತ್ತಲೇ ಕಂಡ. ನಂಜುಂಡ ಬೀದಿಯಲ್ಲಿ ಬುಗುರಿ ಆಡಿಸುತ್ತಿದ್ದ. ಕೆನ್ನೆ ತುಂಬಿಕೊಂಡಿತ್ತು. "ಮಾವ, ನೋಡು ನೋಡು, ಎಂಗ್ ತಿರುಗ್ತದೆ!" ಎಂದು ನಕ್ಕ. ಜಗಲಿಯಲ್ಲಿ ಎಲೆ ಕಂತೆ ಕಟ್ಟುತ್ತಿದ್ದ ನಿಂಗಯ್ಯ ಭಾಮೈದನನ್ನು ನೋಡಿದವನೇ ತಲೆ ತಗ್ಗಿಸಿ, ಕಂತೆಯನ್ನು ಅಲ್ಲೇ ಬಿಟ್ಟು ಮಾರ್ಕೆಟ್ಟಿನ ಕಡೆ ನಡೆದುಬಿಟ್ಟ.

ಅಡುಗೆಮನೆಯ ಮಬ್ಬಿನಲ್ಲಿ ಪುಟ್ಟತಾಯಮ್ಮ ಮಗನಿಗೆ ರೊಟ್ಟಿ ತಟ್ಟುತ್ತಿದ್ದಳು. ತಮ್ಮನ ಹೆಜ್ಜೆ ಕೇಳಿಯೂ ತಿರುಗಲಿಲ್ಲ.

"ಅಕ್ಕ. ಆ ಮರದಾಗೆ ಏನಿತ್ತು?"

ಅವಳು ರೊಟ್ಟಿಯನ್ನು ಹೆಂಚಿಗೆ ಹಾಕಿದಳು.

"ಏನಿತ್ತಕ್ಕ!"

"ನನ್ ಮಕ್ಕಳಿದ್ದೋ," ಎಂದಳು ಪುಟ್ಟತಾಯಮ್ಮ. "ಎರಡೂ ಅದ್ರಾಗೇ ಇದ್ದೋ."

ಆಮೇಲೆ ತಡೆಯಿಲ್ಲದೆ ಹೇಳಿದಳು. ನಿಂಗಯ್ಯನ ಅಣ್ಣ ಸತ್ತಾಗ ಅವನ ಹೆಂಡತಿಯನ್ನೂ ಕೂಸನ್ನೂ ಈ ಮನೆಯಿಂದ ಹೊರಗೆ ಹಾಕಿದ್ದರು. ಆ ಕೂಸು ಚಳಿಯಲ್ಲಿ ಸತ್ತಿತು. ಅದರ ಕೂದಲು, ಹಲ್ಲು ಇಟ್ಟು ಆ ತಾಯಿ ಹೊಸ್ತಿಲಿಗೆ ಮಾಟ ಮಾಡಿಸಿದಳು, ಈ ಹೊಸ್ತಿಲು ದಾಟುವ ಕೂಸು ಬಾಳಬಾರದೆಂದು. ಪುಟ್ಟತಾಯಮ್ಮನ ಎರಡು ಕೂಸುಗಳು ಹೋದವು, ಹೋಗಿ ಆ ಮರದೊಳಗೇ ಸೇರಿಕೊಂಡವು. ನಂಜುಂಡ ಬಿದ್ದ ಮೇಲೆ ಕೊಳ್ಳೇಗಾಲದ ಕಡೆಯವನೊಬ್ಬ ಬಂದು ನೋಡಿ, ಹೊಸ್ತಿಲು ಕೀಳಿಸಿದ. ಹೊಳೆಗೆ ಬಿಟ್ಟರೆ ಹೋಗುವುದಿಲ್ಲ, ಸುಟ್ಟರೆ ಮಗು ಸುಡುತ್ತದೆ ಎಂದ. ರಕ್ತ ಹಂಚಿಕೊಂಡವರು ಯಾರಾದರೂ ತಾವಾಗಿಯೇ ಬಾಯಿಬಿಟ್ಟು ಕೇಳಿ ತೆಗೆದುಕೊಂಡು ಹೋಗಬೇಕು. ಕೇಳಿದವರ ಕಡೇ ಕೂಸಿಗೆ ಅದು ಹತ್ತುತ್ತದೆ. ಒಂದನ್ನು ತಿಂದು ಸುಮ್ಮನಾಗುತ್ತದೆ. ಆಮೇಲೆ ಅದು ಬರೀ ಸೌದೆ.

"ಅದ್ಕೇ ನನ್ನ ಮೈಸೂರಿಗೆ ಕರ್ಸ್ಕಂಡ್ಯಾ?"

ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು.

"ಪರೇಡಿಗೆ ಚೆನ್ನೀನ ಕರ್ಕಂಡೋದದ್ದೂ ಅದ್ಕೇಯಾ?"

"ನಂಗೆ ಇವ್ನೊಬ್ಬನೇ ಕಣೋ ಜವರ," ಎಂದಳು. ಕಣ್ಣಲ್ಲಿ ನೀರಿರಲಿಲ್ಲ. ಅಳು ಮುಗಿದುಹೋದವರ ಕಣ್ಣು ಅದು.

ಜವರಪ್ಪ ಕೈ ಎತ್ತಿದ. ಹೊಡೆಯಲಾಗಲಿಲ್ಲ. ಹಿಮದಲ್ಲಿ, ಗುಂಡಿನಲ್ಲಿ, ಸಾವಿನಲ್ಲಿ ಅವನಿಗೆ ಇಂಥ ಚಳಿ ಹತ್ತಿರಲಿಲ್ಲ. ಶತ್ರು ಎದುರಿಗಿದ್ದರೆ ಎದುರಿಗಿರುತ್ತಾನೆ. ಇವಳು ಬೆನ್ನ ಹಿಂದೆ ನಿಂತು, ತಲೆ ಸವರುತ್ತ, ಅವನ ಮಗುವನ್ನು ಲೆಕ್ಕ ಹಾಕಿದ್ದಳು. ಅವ್ವ ಎಂದರೆ ಹೇಗಿರುತ್ತಾಳೆ ಎಂದು ಯಾರಾದರೂ ಕೇಳಿದ್ದರೆ ಅವನು ಇವಳನ್ನೇ ತೋರಿಸುತ್ತಿದ್ದ.

"ನಿನ್ ಮಣ್ಣಿಗೂ ಬರಲ್ಲ ನಾನು," ಎಂದು ತಿರುಗಿದ.

"ನಿಲ್ಲು," ಎಂದಳು ಪುಟ್ಟತಾಯಮ್ಮ. ದನಿ ತಗ್ಗಿಸಿದಳು. "ಚಾಮುಂಡಿಗೆ ತಿಂಗಳು ನಿಂತದೆ ಅಲ್ವಾ?"

ಅವನಿಗೆ ಅರ್ಥವಾಗಲಿಲ್ಲ. ಮರುಗಳಿಗೆ ಅರ್ಥವಾಯಿತು. ಅರ್ಥವಾಗದಿದ್ದರೆ ಚೆನ್ನಾಗಿತ್ತು.

"ಚೆನ್ನಿ ಕೈಯಿಂದ ನೀನೇ ಇನ್ನೊಂದ್ಸತಿ ಕೇಳಿ ಇಸ್ಕೊ. ಈಗ ನಿನ್ ಕಡೇ ಕೂಸು ಚೆನ್ನಿ ಅಲ್ಲ," ಎಂದಳು ಅಕ್ಕ. "ಕಣ್ಣು ಮೂಗು ಮೂಡಿಲ್ದೇ ಇರೋದು ಕಣೋ ಅದು. ಮಗ ನೀನು ನಂಗೆ. ನಿಂಗೆ ಕೆಡುಕು ಆಗ್ಲಿ ಅಂತ ಅಂದ್ಕಂಡಿರ್ಲಿಲ್ಲ. ಚಾಮುಂಡಿ ಬಂದು ಏಳ್ದಾಗ ದೇವ್ರೇ ದಾರಿ ಕೊಟ್ಟ ಅಂದ್ಕಂಡೆ."

ಜವರಪ್ಪ ಅಲ್ಲಿಂದ ಓಡಿದ. ಬೆರಳಿಲ್ಲದ ಕಾಲಿನಲ್ಲಿ ಎಡವುತ್ತ ಓಡಿದ. ಮಾರ್ಕೆಟ್ಟಿನ ಹೂವು, ಕೊಳೆತ ಹಣ್ಣು, ಊದುಬತ್ತಿ, ಎಲ್ಲದರ ಒಳಗಿಂದಲೂ ಅದೇ ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು. ಹೆಂಡತಿಗೆ ಎಲ್ಲವನ್ನೂ ಹೇಳಬೇಕು ಎಂದುಕೊಂಡ. ಹೇಳಿ, ಇಬ್ಬರೂ ಕೂತು, ಏನಾದರೊಂದು ದಾರಿ ಹುಡುಕಬೇಕು. ಇನ್ನೊಬ್ಬ ಮಂತ್ರವಾದಿ ಸಿಗಬಹುದು. ದೇವಸ್ಥಾನಗಳಿವೆ. ಬೆಟ್ಟದ ತಾಯಿಯಿದ್ದಾಳೆ. ಇಷ್ಟು ದಿನ ಬೀಡಿ ಹೊಗೆ ಬಿಟ್ಟು ನಕ್ಕಿದ್ದೆಲ್ಲವೂ ಈಗ ಅವನಿಗೆ ಬೇಕಾಗಿತ್ತು.

ಮನೆಯಲ್ಲಿ ದೀಪವಿರಲಿಲ್ಲ. ಸಂಜೆಯ ಕೊನೆಯ ಬೆಳಕು ಬಾಗಿಲಲ್ಲೇ ನಿಂತಿತ್ತು. ಚಾಮುಂಡಮ್ಮ ಡಾಕ್ಟರನ್ನು ಕರೆಯಲು ಹೋಗಿದ್ದಳೇನೋ, ಚಪ್ಪಲಿ ಇರಲಿಲ್ಲ. ಕೋಣೆಯಲ್ಲಿ ಚೆನ್ನಿ ಒಬ್ಬಳೇ. ಒಬ್ಬಳೇ ಅಲ್ಲ.

ಚಾಪೆಯ ಆಚೆಗೆ ಏನೋ ಉಸಿರಾಡುತ್ತಿತ್ತು. ಸಣ್ಣ ಉಸಿರು. ಹಾಲು ಕುಡಿದ ಕೂಸಿನ ಹಾಗೆ, ಗಂಟಲಲ್ಲಿ ಗೊರಗೊರ. ಚೆನ್ನಿಯ ಉಸಿರು ಮಾತ್ರ ಕೇಳಿಸುತ್ತಿರಲಿಲ್ಲ. ಮೂಗಿನ ಬಳಿ ಕೈ ಹಿಡಿದ. ಇತ್ತು. ಎಳೆಯಷ್ಟು ಇತ್ತು. ನಿಂತಿತು. ಮತ್ತೆ ಬಂತು. ನಿಂತಿತು.

"ಚೆನ್ನಿ. ಚೆನ್ನವ್ವ."

ಇಲ್ಲ.

"ಚೆನ್ನಿ!"

ಕಣ್ಣು ತೆರೆದಳು. ಕಣ್ಣಲ್ಲಿ ಅಪ್ಪ ಇರಲಿಲ್ಲ. ಆಚೆಗಿದ್ದ ಉಸಿರು ಹತ್ತಿರ ಬಂತು. ಚಾಪೆ ಸರಿಯಿತು. ವಾಸನೆ ಗಂಟಲಿಗೇ ಇಳಿಯಿತು. ಯೋಚಿಸಲು ಹೊತ್ತಿರಲಿಲ್ಲ ಎಂದು ಆಮೇಲೆ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಹೊತ್ತಿತ್ತು. ಯೋಚಿಸಿದ. ಚಾಮುಂಡಿಯ ಮುಖ ನೆನಪಾಯಿತು. ನಾಚಿಕೊಂಡು ಹೇಳಿದ್ದು ನೆನಪಾಯಿತು. ಆ ನೆನಪನ್ನು ಪಕ್ಕಕ್ಕೆ ತಳ್ಳಿದ.

"ಚೆನ್ನಿ, ಆ ಕೋವೀನ ನಂಗೆ ಕೊಡವ್ವ."

ಉಸಿರು ನಿಂತಿತು. ಎರಡೂ ಉಸಿರು.

"ನಂಗೆ ಕೊಡು ಅಂದೆ. ನಾನೇ ಕೇಳ್ತಾ ಇದೀನಿ."

ಚೆನ್ನಿಯ ಬೆರಳು ಒಂದೊಂದಾಗಿ ಸಡಿಲಿದವು. ಕೋವಿ ಹಿಡಿದು ಎಳೆದ. ಬರಲಿಲ್ಲ. ಮಗಳ ಕೈ ಬಿಟ್ಟಿತ್ತು. ಕೋವಿ ಬರಲಿಲ್ಲ. ಆ ತುದಿಯನ್ನು ಯಾರೋ ಹಿಡಿದಿದ್ದರು. ತಡವಿದ. ಅವನ ಕೈಗೆ ಪುಟ್ಟ ಬೆರಳುಗಳು ಸಿಕ್ಕವು. ತಣ್ಣಗೆ. ಮೆತ್ತಗೆ. ಉಗುರಿಲ್ಲದ ಬೆರಳುಗಳು. ಅವು ಅವನ ಹೆಬ್ಬೆರಳನ್ನು ಹಿಡಿದುಕೊಂಡವು. ಗಟ್ಟಿಯಾಗಿ. ಕೂಸು ಹಿಡಿದುಕೊಳ್ಳುವ ಹಾಗೇ. ಆಮೇಲೆ ಬಿಟ್ಟವು.

ಕೋವಿ ಅವನ ಮಡಿಲಿಗೆ ಬಿತ್ತು. ಹತ್ತಿಯಷ್ಟು ಹಗುರಾಗಿತ್ತು.

"ಅಪ್ಪಾ," ಎಂದಳು ಚೆನ್ನಿ. "ಹೊಟ್ಟೆ ಹಸೀತದೆ."

ಡಾಕ್ಟರನ್ನು ಕರೆದುಕೊಂಡು ಬಂದ ಚಾಮುಂಡಮ್ಮ ಕಂಡದ್ದು ಎದ್ದು ಕೂತು ಗಂಜಿ ಕುಡಿಯುತ್ತಿದ್ದ ಮಗಳನ್ನು. ಅವಳು ಅತ್ತಳು, ನಕ್ಕಳು, ಡಾಕ್ಟರ ಕಾಲಿಗೆ ಬಿದ್ದಳು, ಚಾಮುಂಡಿಬೆಟ್ಟಕ್ಕೆ ಹರಕೆ ಹೊತ್ತಳು. ಗಂಡ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡಳು.

ಚೆನ್ನಿ ಓಣಿಯಲ್ಲಿ ಕುಂಟೆಬಿಲ್ಲೆ ಆಡುವಷ್ಟು ಗಟ್ಟಿಯಾದ ವಾರವೇ ಚಾಮುಂಡಮ್ಮ ನೀರು ತರುವಾಗ ಹೊಟ್ಟೆ ಹಿಡಿದುಕೊಂಡು ಕೂತಳು. ನಲ್ಲಿಯ ಕಲ್ಲಿನ ಮೇಲೆಲ್ಲ ರಕ್ತ. ದೇವಿರಮ್ಮನೇ ಬಂದು ಎತ್ತಿಕೊಂಡು ಒಳಗೆ ಮಲಗಿಸಿದಳು. ಜವರಪ್ಪನ ಕಡೆ ಒಮ್ಮೆಯೂ ನೋಡಲಿಲ್ಲ. ಆ ಸಂಜೆ ಅವನು ಕೋವಿಯನ್ನು ಒಲೆಗೆ ಹಾಕಿದ. ಒಣ ಸೌದೆಯ ಹಾಗೆ ಚಟಚಟ ಉರಿದುಹೋಯಿತು. ಹಲಸಿನ ಮರದ ಒಳ್ಳೇ ವಾಸನೆ ಬಂತು.

ಪುಟ್ಟತಾಯಮ್ಮ ಕೋಳಿಸಾರಿನ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ಜವರಪ್ಪ ಬಾಗಿಲಿಗೆ ಅಡ್ಡ ನಿಲ್ಲಬೇಕೆಂದುಕೊಂಡ. ನಿಂತರೆ ಯಾಕೆಂದು ಹೆಂಡತಿಗೆ ಹೇಳಬೇಕಾಗುತ್ತಿತ್ತು. ಪಕ್ಕಕ್ಕೆ ಸರಿದ. ಅಕ್ಕ ಒಳಗೆ ಹೋಗಿ ಚಾಮುಂಡಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಿಕ್ಕುಗಟ್ಟಿದ ಕೂದಲು ಬಿಡಿಸತೊಡಗಿದಳು.

"ಅಳಬ್ಯಾಡ ಕಣವ್ವ. ಚೆನ್ನಿ ಉಳ್ಕಂಡ್ಲಲ್ಲ, ಅಷ್ಟು ಸಾಕು ಅನ್ಕೊ. ಜವರನ ಮ್ಯಾಲೆ ಬ್ಯಾಸರ ಮಾಡ್ಕಬ್ಯಾಡ. ಅವ್ನ ಜಾಗದಾಗೆ ಯಾರಿದ್ರೂ ಅದ್ನೇ ಮಾಡೋರು."

ಚಾಮುಂಡಮ್ಮ ಮೆಲ್ಲಗೆ ಎದ್ದು ಕೂತಳು. "ಅವ್ರೇನ್ ಮಾಡುದ್ರು?"

ಪುಟ್ಟತಾಯಮ್ಮ ತಿರುಗಿ ತಮ್ಮನನ್ನು ನೋಡಿದಳು. ಹೆಂಡತಿಗೆ ಅವನು ಹೇಳಿರುತ್ತಾನೆ ಎಂದುಕೊಂಡಿದ್ದಳು ಅವಳು.

"ಏನ್ ಮಾಡುದ್ರಿ?" ಚಾಮುಂಡಮ್ಮ ಗಂಡನ ಕಡೆ ತಿರುಗಿದಳು.

ಜವರಪ್ಪ ಹೇಳಿದ. ಅಕ್ಕ ಮಾಡಿದ್ದನ್ನೂ ಹೇಳಿದ, ತಾನು ಮಾಡಿದ್ದನ್ನೂ ಹೇಳಿದ. ಹೇಳಿ ಮುಗಿಸಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಹೊರಗೆ ಚೆನ್ನಿ ಯಾರ ಜೊತೆಗೋ ಜಗಳವಾಡುತ್ತಿದ್ದಳು. ಅವಳ ಗಟ್ಟಿ ದನಿ ಒಳಗೆಲ್ಲ ಕೇಳಿಸುತ್ತಿತ್ತು.

ಚಾಮುಂಡಮ್ಮ ಕಿರುಚುತ್ತಾಳೆ, ಹೊಡೆಯುತ್ತಾಳೆ ಎಂದು ಅವನು ಕಾದ. ಅವಳು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು.

"ನನ್ನ ಕೇಳುದ್ರೆ ನಾನೂ ಅದ್ನೇ ಮಾಡಿ ಅಂತಿದ್ನೋ ಏನೋ," ಎಂದಳು. "ನಂಗೆ ಗೊತ್ತಿಲ್ಲ. ನನ್ನ ಹೊಟ್ಟೇಲಿದ್ದದ್ದು ಕಣ್ರೀ ಅದು. ಒಂದ್ ಮಾತು ಕೇಳ್ಬೇಕು ಅಂತ ನಿಮ್ಗೆ ಅನ್ನಿಸ್ಲಿಲ್ವಾ?"

"ಚಾಮುಂಡಿ..."

"ನಿಮ್ಮಕ್ಕ ನಿಮ್ ಮಗೀನ ಲೆಕ್ಕ ಆಕುದ್ರು. ನೀವು ನನ್ ಮಗೀನ ಲೆಕ್ಕ ಆಕುದ್ರಿ. ಅವ್ರ ಕೈಯಾಗ್ ಬೆಳ್ದೋರಲ್ವಾ ನೀವು." ಅವಳು ಸಾರಿನ ಪಾತ್ರೆಯನ್ನು ಅತ್ತಿಗೆಯ ಕಡೆ ತಳ್ಳಿದಳು. "ಅವ್ರನ್ನ ಕರ್ಕಂಡು ಓಗಿ ಅತ್ತಿಗೆ. ನಾನು ಚೆನ್ನಿ ಇಲ್ಲಿರ್ತೀವಿ. ಅವ್ರು ನಮ್ ಮನೆಗೆ ಬರೋದು ಬ್ಯಾಡ."

ಜವರಪ್ಪ ಎದ್ದ. ಗೂಡಿನಲ್ಲಿದ್ದ ತನ್ನ ಟೋಪಿಯನ್ನೂ ತೆಗೆದುಕೊಳ್ಳದೆ ಹೊರಗೆ ಬಂದ. ಚೆನ್ನಿ ಬಿಲ್ಲೆ ಎಸೆಯುತ್ತ "ಎಲ್ಲಿಗಪ್ಪ?" ಎಂದಳು. ಬರ್ತೀನಿ ಕಣವ್ವ ಎಂದ.

ಅಕ್ಕ ತಮ್ಮ ಇಬ್ಬರೂ ಓಣಿಯಲ್ಲಿ ನಡೆದರು. ಮಾರ್ಕೆಟ್ಟಿನ ದೀಪಗಳು ಹತ್ತುತ್ತಿದ್ದವು. ಜನ, ಸೈಕಲ್ಲು, ಜಟಕಾ. ಸಂದಣಿ ದಟ್ಟವಾದಾಗ ಪುಟ್ಟತಾಯಮ್ಮ ಪಾತ್ರೆಯನ್ನು ಒಂದು ಕಂಕುಳಿಗೆ ಸರಿಸಿ ತಮ್ಮನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡು ಅವಳನ್ನು ಅಲ್ಲೇ ತಳ್ಳಿಬಿಡಬೇಕೆಂದು ಅವನ ಮೈಯೆಲ್ಲ ಉರಿಯಿತು. ಆದರೆ ಬೇರೆ ಯಾರ ಕೈಯೂ ಅವನಿಗೆ ಉಳಿದಿರಲಿಲ್ಲ. ಹಿಡಿದುಕೊಂಡೇ ನಡೆದ.